ಮೂವತ್ತು ಮಂಚದ ಮನೆ

"ಬುದ್ಧೀ, ಮೂರು ಸಲ ಇಲ್ಲ ಎಂದ ಬಾಗಿಲಿಗೆ ನಾಲ್ಕನೆಯ ಸಲ ಹೋಗಬೇಕೇ, ಬಿಟ್ಟುಬಿಡಬೇಕೇ?" ಎಂದು ಶಿಷ್ಯ ಗುರುಗಳನ್ನು ಕೇಳಿದನು.

ಶಿಷ್ಯನ ಹೆಸರು ಶಾಂತವೀರ. ಹಾಸಿಗೆ ಹಿಡಿದ ವೃದ್ಧರಿಗಾಗಿ ಮಠ ನಡೆಸುತ್ತಿದ್ದ ಆರೈಕೆ ಮನೆಯ ಉಸ್ತುವಾರಿ ಅವನದು. ಅಲ್ಲಿ ಇಪ್ಪತ್ತು ಹಾಸಿಗೆಗಳಿದ್ದವು. ಇನ್ನೂ ಹತ್ತು ಹಾಕಲು ಅಪ್ಪಣೆ ಬೇಕೆಂದು ಅವನು ಎರಡು ವರ್ಷದಿಂದ ಸರಕಾರಕ್ಕೆ ಅರ್ಜಿ ಕೊಡುತ್ತಿದ್ದ. ಈ ಭಾಗಕ್ಕೆ ಇಷ್ಟೇ ಹಾಸಿಗೆ ಎಂದು ಮಿತಿ ಇದೆ, ಅದನ್ನು ಮೀರುವಂತಿಲ್ಲ ಎಂದು ಮೂರು ಸಲವೂ ಉತ್ತರ ಬಂದಿತ್ತು.

ಗುರುಗಳು ಅವನ ಕೈಯಲ್ಲಿದ್ದ ಕಡತವನ್ನು ತೆಗೆದುಕೊಂಡು ನೋಡಿದರು. ಮೇಲಿನ ಹಾಳೆಯಲ್ಲಿ ಹಾಸಿಗೆಗಾಗಿ ಕಾಯುತ್ತಿರುವ ಇಪ್ಪತ್ತಮೂರು ಜನರ ಪಟ್ಟಿ ಇತ್ತು. ಹೆಸರು, ವಯಸ್ಸು, ಊರು, ಬೀದಿ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿತ್ತು.

"ಕುಳಿತುಕೊ. ಕಚೇರಿಯ ಬೆಂಚಿನ ಮೇಲೆ ಅಷ್ಟು ದಿನ ಕುಳಿತವನು ನನ್ನ ಮುಂದೆ ಒಂದು ಗಳಿಗೆ ಕುಳಿತರೆ ಸವೆದುಹೋಗುವುದಿಲ್ಲ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಮಂತ್ರಿ ಇದ್ದ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಈಗಾಗಲೇ ಅವನನ್ನು ಬೈಯಲು ತಯಾರಾಗಿದ್ದೀಯ.

ಆ ರಾಜ್ಯದಲ್ಲಿ ಕೈಕಾಲು ಬಿದ್ದ ಮುದುಕರನ್ನು ನೋಡಿಕೊಳ್ಳುವ ಮನೆಗಳಿದ್ದವು. ಒಂದು ಮಂಚಕ್ಕೆ ತಿಂಗಳಿಗೆ ಇಷ್ಟು ಧಾನ್ಯ ಎಂದು ಅರಮನೆಯಿಂದ ಬರುತ್ತಿತ್ತು. ಇದನ್ನು ಕಂಡ ವ್ಯಾಪಾರಿಗಳು ತಮ್ಮ ಉಗ್ರಾಣಗಳಲ್ಲೆಲ್ಲ ಮಂಚ ಹಾಕಿದರು. ಮಂಚ ಹಾಕಿದ ಮೇಲೆ ಅದರ ಮೇಲೆ ಒಬ್ಬರು ಮಲಗಬೇಕಲ್ಲ. ಕೋಲು ಊರಿಕೊಂಡು ಸಂತೆಗೆ ಹೋಗಿಬರುತ್ತಿದ್ದವರನ್ನೂ ಕರೆತಂದು ಮಲಗಿಸಿದರು. ನಡೆಯುವವನನ್ನು ಮೂರು ತಿಂಗಳು ಮಲಗಿಸಿದರೆ ನಾಲ್ಕನೆಯ ತಿಂಗಳು ಅವನು ನಿಜವಾಗಿಯೂ ನಡೆಯಲಾರ. ಮಂತ್ರಿಗೆ ಸಿಟ್ಟು ಬಂತು. ಅದು ಬರಬೇಕಾದ ಸಿಟ್ಟೇ. ಒಂದೊಂದು ಊರಿಗೆ ಮೂವತ್ತೇ ಮಂಚ ಎಂದು ಆಜ್ಞೆ ಮಾಡಿದ. ಹೆಚ್ಚು ಬೇಕಾದರೆ ವರ್ಷಕ್ಕೊಮ್ಮೆ ಎಣಿಕೆಯ ಅಧಿಕಾರಿ ಬಂದು, ಬೇಕೆಂಬುದನ್ನು ತನ್ನ ಕಣ್ಣಿನಿಂದ ಕಂಡು ಬರೆಯಬೇಕು ಎಂದ. ಉಗ್ರಾಣಗಳು ಖಾಲಿಯಾದವು. ನಡೆಯಬಲ್ಲವರು ಎದ್ದು ಮನೆಗೆ ಹೋದರು. ಆಜ್ಞೆ ಒಳ್ಳೆಯ ಕೆಲಸವನ್ನೇ ಮಾಡಿತು.

ಒಂದು ಊರಿನಲ್ಲಿ ಇಂಥ ಮನೆಯೊಂದನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಅವಳ ಸ್ವಂತದ್ದು ಎಂಬುದು ಅಲ್ಲಿ ಏನೂ ಇರಲಿಲ್ಲ. ಆದರೂ ಊರವರು ಅವಳನ್ನು ಒಡತಿ ಎನ್ನುತ್ತಿದ್ದರು. ಮೂವತ್ತು ಮಂಚಗಳಲ್ಲಿ ಮಲಗಿದ್ದವರು ಯಾರೂ ಎದ್ದು ಹೋಗುವಂಥವರಲ್ಲ. ಅವರ ಮೈ ತೊಳೆದು, ಉಣಿಸಿ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದು ಅವಳ ಮತ್ತು ಅವಳ ಜೊತೆಯ ಹೆಂಗಸರ ಕೆಲಸ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ತೀರಿಕೊಂಡರೆ ಅವರ ಮಂಚವನ್ನು ತೊಳೆದು, ಅದರ ಕಾಲ ಬಳಿ ಒಂದು ದೀಪವಿಟ್ಟು, ಹನ್ನೊಂದು ದಿನ ಹಾಗೆಯೇ ಖಾಲಿ ಬಿಡುತ್ತಿದ್ದರು. ಮಕ್ಕಳಿಲ್ಲದವರಿಗೆ, ಬಂಧುಗಳಿಲ್ಲದವರಿಗೆ ಅದೊಂದೇ ಸೂತಕ. ನಾನು ಹೋದ ಮೇಲೂ ಹನ್ನೊಂದು ದಿನ ನನ್ನ ಜಾಗ ನನ್ನದಾಗಿರುತ್ತದೆ ಎಂಬುದು ಅಲ್ಲಿ ಮಲಗಿದ್ದವರಿಗೆ ದೊಡ್ಡ ಸಮಾಧಾನವಾಗಿತ್ತು.

ಒಬ್ಬ ಕಲ್ಲುಕುಟಿಗನ ಸೊಂಟದ ಮೇಲೆ ಕಂಬದ ಕಲ್ಲು ಜಾರಿಬಿತ್ತು. ಅಂದಿನಿಂದ ಸೊಂಟದ ಕೆಳಗೆ ಅವನಿಗೆ ಸ್ವಾಧೀನ ಇಲ್ಲ. ಆಳು ಭಾರಿ. ಅವನಿಗೆ ಇದ್ದವಳು ಒಬ್ಬ ವಿಧವೆ ತಂಗಿ, ಅರವತ್ತು ದಾಟಿದವಳು, ಕಡ್ಡಿಯಂಥ ಮೈಯವಳು. ಅವನನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸುವುದು ಅವಳಿಂದ ಆಗುತ್ತಿರಲಿಲ್ಲ. ಅವಳು ಒಡತಿಯ ಬಳಿ ಬಂದು ಒಂದು ಮಂಚ ಬೇಡಿದಳು. ಅವಳಿಗಿಂತ ಮೊದಲು ಬೇಡಿದವರು ಹದಿಮೂರು ಮಂದಿ ಇದ್ದರು. ಒಡತಿ ಅವಳ ಅಣ್ಣನನ್ನು ಹದಿನಾಲ್ಕನೆಯವನಾಗಿ ನೆನಪಿಟ್ಟುಕೊಂಡಳು. ಎಣಿಕೆಯ ಅಧಿಕಾರಿ ಬಂದಾಗ ಹೆಚ್ಚು ಮಂಚ ಕೇಳುತ್ತೇನೆ, ಕೊಡಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟಳು.

ಅಧಿಕಾರಿ ಮುನ್ಸೂಚನೆ ಇಲ್ಲದೆ ಬರುತ್ತಿದ್ದ. ನಿಯಮ ಹಾಗೆಯೇ ಇತ್ತು. ಅವನು ಬಂದ ದಿನ ಮನೆಯಲ್ಲಿ ಮೂರು ಮಂಚ ಖಾಲಿ ಇದ್ದವು, ಮೂರರ ಕಾಲ ಬಳಿಯೂ ದೀಪ ಉರಿಯುತ್ತಿತ್ತು. ಒಡತಿ ಪದ್ಧತಿಯನ್ನು ವಿವರಿಸಿದಳು. ಅಧಿಕಾರಿ ತಾಳ್ಮೆಯಿಂದ ಕೇಳಿದ. ತಾನು ಮಂಚವನ್ನು ಎಣಿಸಲು ಬಂದವನೇ ಹೊರತು ದೀಪವನ್ನಲ್ಲ ಎಂದ. ಮೂರು ಖಾಲಿ ಇವೆ, ಹೆಚ್ಚು ಬೇಕಿಲ್ಲ ಎಂದು ಬರೆದ. ವರದಿಯ ಕೆಳಗೆ ಮನೆ ನಡೆಸುವವರ ಹೆಬ್ಬೆಟ್ಟಿನ ಗುರುತು ಇರಲೇಬೇಕು, ಇಲ್ಲದೆ ಅವನು ಊರು ಬಿಡುವಂತಿರಲಿಲ್ಲ. ಬರೆದದ್ದು ಸುಳ್ಳಲ್ಲವಾದ್ದರಿಂದ ಒಡತಿ ಗುರುತು ಹಾಕಿದಳು.

ಅಂದು ಅವಳು ಮಲಗಿದವರ ನಡುವೆ ನಿಂತು ಆದದ್ದನ್ನು ಹೇಳಿದಳು. ಪದ್ಧತಿಯನ್ನು ಬಿಡೋಣ ಎಂದು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಅದನ್ನು ಹೇಳಿದವಳು ಗೋಡೆಯ ಪಕ್ಕದ ಮಂಚದ ಮುದುಕಿ. ಅವಳು ಕೆಮ್ಮಿನವಳು, ಒಂದು ಮಾತಿಗೆ ಎರಡು ಸಲ ನಿಲ್ಲುತ್ತಿದ್ದಳು.

"ನಾನು ಹೋದ ದಿನವೇ ನನ್ನ ಮಂಚಕ್ಕೆ ಬೇರೆಯವರನ್ನ ಕರ್ಕೊಂಡು ಬಾ ತಾಯಿ. ದೀಪ ಬೇಕಾದ್ರೆ ಅಂಗಳದಲ್ಲಿ ಹಚ್ಚು. ಹೋದೋಳಿಗೆ ಮಂಚ ಯಾಕೆ?"

ಉಳಿದವರು ಬೇಡ ಎನ್ನಲಿಲ್ಲ. ಕೆಲವರು ಅತ್ತರು. ಮರುದಿನ ಮೂರು ಮಂಚಗಳಿಗೆ ಮೂವರು ಬಂದರು. ಹೊರಗೆ ಹನ್ನೊಂದು ಮಂದಿ ಉಳಿದರು. ಕಲ್ಲುಕುಟಿಗ ಅವರಲ್ಲಿ ಕೊನೆಯವನು.

ಆ ವರ್ಷ ಮನೆಯಲ್ಲಿ ಯಾರೂ ಸಾಯಲಿಲ್ಲ. ಒಡತಿಗೆ ಇದರಿಂದ ಸಂತೋಷವಾಯಿತು. ಆದರೆ ಹನ್ನೊಂದು ಮನೆಯವರು ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಂಚ ಖಾಲಿಯಾಯಿತೇ ಎಂದು ಅವರು ಕೇಳುತ್ತಿದ್ದರು. ಯಾರಾದರೂ ಸತ್ತರೇ ಎಂದು ಕೇಳುವುದಕ್ಕೂ ಅದಕ್ಕೂ ಏನು ವ್ಯತ್ಯಾಸ, ನೀನೇ ಹೇಳು. ಒಂದು ದಿನ ಕಲ್ಲುಕುಟಿಗನ ತಂಗಿ ಹಾಗೆ ನಿಂತಿದ್ದಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಅವಳು ಗೋಡೆಯ ಪಕ್ಕದ ಮುದುಕಿಯನ್ನು ನೋಡಿದಳು. ಕೆಮ್ಮು ಹಿಂದಿಗಿಂತ ಜೋರಾಗಿದೆ ಎಂದು ಅವಳ ಮನಸ್ಸಿಗೆ ಸ್ವಲ್ಪ ಹಗುರವಾಯಿತು. ಹಗುರವಾದದ್ದು ತಿಳಿದ ಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಅವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಮನೆಗೆ ಹೋದಳು, ಮತ್ತೆ ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅವರ ಕಾರಣವೂ ಅದೇ ಇರಬೇಕು.

ಎರಡನೆಯ ವರ್ಷ ಅಧಿಕಾರಿ ಬಂದ. ಮೂವತ್ತು ಮಂಚಗಳೂ ತುಂಬಿದ್ದವು. ಒಡತಿಗೆ ಧೈರ್ಯವಿತ್ತು. ಅಧಿಕಾರಿ ಬಾಗಿಲಿಗೆ ಹೋಗಿ ಹೊರಗೆ ನೋಡಿದ. ಬೀದಿಯಲ್ಲಿ ಒಂದು ನಾಯಿ ಮಲಗಿತ್ತು. ಮಂಚಗಳು ತುಂಬಿವೆ, ಕಾಯುವವರು ಯಾರೂ ಇಲ್ಲ, ಮೂವತ್ತು ಈ ಊರಿಗೆ ಸರಿಯಾದ ಸಂಖ್ಯೆ ಎಂದು ಬರೆದ. ಮಂತ್ರಿಯ ಲೆಕ್ಕ ಇಷ್ಟು ಸರಿಹೋದ ಊರು ಇನ್ನೊಂದಿಲ್ಲ ಎಂದು ಮೆಚ್ಚಿಯೂ ಕೊಂಡ. ಒಡತಿ ಹನ್ನೊಂದು ಹೆಸರು ಹೇಳಿದಳು. ಹೆಸರು ಕಿವಿಗೆ ಬರುತ್ತದೆ, ಆಜ್ಞೆ ಇರುವುದು ಕಣ್ಣಿಗೆ ಎಂದು ಅವನು ಹೇಳಿದ. ಬಾಗಿಲಲ್ಲಿ ಯಾರೂ ಇಲ್ಲದ್ದು ನಿಜವಾದ್ದರಿಂದ ಅವಳು ಎರಡನೆಯ ಸಲವೂ ಗುರುತು ಹಾಕಿದಳು.

ಅವನು ಹೋದ ಮೇಲೆ ಒಡತಿ ಕಲ್ಲುಕುಟಿಗನ ಮನೆಗೆ ಹೊರಟಳು. ಬಾಗಿಲಿಗೆ ಬರುವುದನ್ನು ಯಾಕೆ ಬಿಟ್ಟೆ, ನೀನು ಬಂದಿದ್ದರೆ ಅವನ ಕಣ್ಣಿಗೆ ಬೀಳುತ್ತಿದ್ದೆ ಎಂದು ಗದರಬೇಕೆಂದು ಹೊರಟವಳು. ಒಳಗೆ ಕಾಲಿಟ್ಟಾಗ ಅವಳಿಗೆ ವಾಸನೆ ಬಡಿಯಿತು. ಕಲ್ಲುಕುಟಿಗನ ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣಾಗಿತ್ತು. ತಂಗಿ ತೊಲೆಗೆ ಹಗ್ಗ ಕಟ್ಟಿದ್ದಳು. ಅವನು ಕಲ್ಲು ಹೊರಳಿಸಲು ಬಳಸುತ್ತಿದ್ದ ಹಗ್ಗವೇ ಅದು. ಅದನ್ನು ಹೇಗೆ ಎಳೆಯಬೇಕೆಂದು ಅವನು ಮಲಗಿದಲ್ಲಿಂದಲೇ ಹೇಳಿಕೊಡುತ್ತಿದ್ದ. ಅವಳ ಎರಡೂ ಅಂಗೈ ಸುಲಿದಿದ್ದವು. ಆದರೂ ಅವನು ದಿನಕ್ಕೆ ಒಂದೇ ಸಲ ಹೊರಳುತ್ತಿದ್ದ.

ಒಡತಿ ಗದರಲಿಲ್ಲ. ತನ್ನ ಮೇಲೆಯೇ ಅವಳಿಗೆ ಕೋಪ ಬಂದಿತ್ತು. ಈ ಮನೆ ತನ್ನ ಬಾಗಿಲಿನಿಂದ ನೂರು ಹೆಜ್ಜೆ ದೂರದಲ್ಲಿತ್ತು. ಎರಡು ವರ್ಷ ಅವಳು ಅಧಿಕಾರಿ ಬರುವ ದಾರಿಯನ್ನು ನೋಡಿದ್ದಳೇ ಹೊರತು ಈ ದಾರಿಯಲ್ಲಿ ನಡೆದಿರಲಿಲ್ಲ. ಅವಳು ಸೆರಗು ಸಿಕ್ಕಿಸಿ, ಹುಣ್ಣು ತೊಳೆದು, ತಂಗಿಯ ಜೊತೆ ಸೇರಿ ಅವನ ಮಗ್ಗುಲು ಬದಲಿಸಿದಳು. ಅಲ್ಲಿಂದ ಹತ್ತನೆಯವರ ಮನೆಗೆ ಹೋದಳು, ಒಂಬತ್ತನೆಯವರ ಮನೆಗೆ ಹೋದಳು. ಹನ್ನೊಂದೂ ಮನೆ ಮುಗಿಸಿ ಬಂದಳು. ಮರುದಿನವೂ ಹೋದಳು. ಅವಳ ಜೊತೆಯ ಹೆಂಗಸರು ಮೂವತ್ತು ಮಂಚವೇ ಸಾಕಷ್ಟಾಗಿದೆ ಎಂದು ಗೊಣಗಿದರು, ಆಮೇಲೆ ಅವರೂ ಸರದಿ ಹಾಕಿಕೊಂಡು ಹೊರಟರು. ಮಳೆಯಲ್ಲಿ ಹೋದರು, ಬಿಸಿಲಲ್ಲಿ ಹೋದರು. ಮನೆಯವರಿಗೆ ಹೊರಳಿಸುವ ಬಗೆಯನ್ನು ಕಲಿಸಿದರು. ಹೆಚ್ಚು ಮಂಚ ಬೇಕೆಂದು ಅರಮನೆಗೆ ಓಲೆ ಕಳಿಸುವುದನ್ನೂ ಒಡತಿ ನಿಲ್ಲಿಸಲಿಲ್ಲ. ತಿಂಗಳಿಗೊಂದು ಕಳಿಸಿದಳು. ಅರಮನೆಯಲ್ಲಿ ಅವಳ ಓಲೆಯನ್ನು ಹೆಬ್ಬೆಟ್ಟು ನೋಡಿಯೇ ಗುರುತಿಸಿ ಬದಿಗಿಡುತ್ತಿದ್ದರಂತೆ.

ಆ ವರ್ಷವೂ ಒಂದು ಮಂಚವೂ ಖಾಲಿಯಾಗಲಿಲ್ಲ. ಮೂರನೆಯ ವರ್ಷ ಅಧಿಕಾರಿ ಬಂದಾಗ ಒಡತಿ ಮನೆಯಲ್ಲಿ ಇರಲಿಲ್ಲ. ಅವನು ಮೂವತ್ತು ಎಣಿಸಿದ, ಬಾಗಿಲ ಹೊರಗೆ ನೋಡಿದ, ಬರೆದು ಮುಗಿಸಿದ. ಇನ್ನು ಹೆಬ್ಬೆಟ್ಟು ಬೇಕಿತ್ತು. ಅವನು ಕಾದ, ಹೊತ್ತು ನೆತ್ತಿಗೆ ಬಂತು. ಕೊನೆಗೆ ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಅವಳನ್ನು ಹುಡುಕಲು ಹೊರಟ.

ಮೊದಲ ಮನೆಯಲ್ಲಿ, ಈಗಷ್ಟೇ ನಮ್ಮ ಅತ್ತೆಯ ಮಗ್ಗುಲು ಬದಲಿಸಿ ಮುಂದಿನ ಮನೆಗೆ ಹೋದಳು ಎಂದರು. ಅವನು ಬಾಗಿಲಲ್ಲಿ ನಿಂತು ಕೇಳುವಾಗ ಒಳಗೆ ಮಲಗಿದ್ದ ಅತ್ತೆ ಕಣ್ಣಿಗೆ ಬಿದ್ದಳು. ಎರಡನೆಯ ಮನೆಯಲ್ಲೂ ಅದೇ ಮಾತು. ಮೂರನೆಯದರಲ್ಲೂ ಅದೇ. ಅವನು ಎಣಿಸಬೇಕೆಂದು ಎಣಿಸಲಿಲ್ಲ. ಇಪ್ಪತ್ತು ವರ್ಷ ಎಣಿಸಿದವನ ಕಣ್ಣು ತಾನಾಗಿ ಎಣಿಸುತ್ತದೆ. ಹನ್ನೊಂದನೆಯ ಮನೆಗೆ ಬರುವಾಗ ಅವನ ನಡಿಗೆ ನಿಧಾನವಾಗಿತ್ತು.

ಒಡತಿ ಅಲ್ಲಿ ಕಲ್ಲುಕುಟಿಗನ ತಲೆಯ ಬಳಿ ಮೊಣಕಾಲೂರಿ ಕುಳಿತಿದ್ದಳು. ತಂಗಿಗೆ ಅಂದು ಜ್ವರ, ಮೂಲೆಯಲ್ಲಿ ಮಲಗಿದ್ದಳು. ಅಧಿಕಾರಿ ವರದಿಯನ್ನು ಚಾಚಿದ. ಒಡತಿ ಅದನ್ನು ನೋಡಲಿಲ್ಲ.

"ಗುರುತು ಆಮೇಲೆ ಹಾಕ್ತೀನಿ. ಮೊದಲು ಆ ಹೆಗಲು ಹಿಡಿ."

ಅಧಿಕಾರಿಗೆ ಅಲ್ಲಿಯವರೆಗೆ ಯಾರೂ ಏಕವಚನದಲ್ಲಿ ಹೇಳಿರಲಿಲ್ಲ. ಅವನು ವರದಿಯನ್ನು ಕೆಳಗಿಟ್ಟು ಬಗ್ಗಿದ. ಹೇಗೆ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಒಮ್ಮೆಲೇ ಎತ್ತಬೇಡಿ ಸ್ವಾಮಿ, ಮೊದಲು ಅಡಿಗೆ ಕೈ ಕೊಡಿ ಎಂದು ಕಲ್ಲುಕುಟಿಗನೇ ಹೇಳಿಕೊಟ್ಟ. ಇಬ್ಬರೂ ಸೇರಿ ಹೊರಳಿಸಿದರು. ಮಾಯುತ್ತಿದ್ದ ಹುಣ್ಣನ್ನು ಅಧಿಕಾರಿ ಕಂಡ. ಭಾರ ಎಷ್ಟೆಂಬುದು ಅವನ ತೋಳಿಗೆ ತಿಳಿಯಿತು. ಅವನು ಅಲ್ಲಿಯೇ ಕುಳಿತು ಹಳೆಯ ಹಾಳೆಯನ್ನು ಹರಿದು ಹೊಸದಾಗಿ ಬರೆದ. ಒಡತಿ ಕೈ ತೊಳೆದು ಬಂದು ಹೆಬ್ಬೆಟ್ಟು ಒತ್ತಿದಳು.

ಮಂತ್ರಿ ಹನ್ನೊಂದು ಮಂಚ ಕೊಡಲಿಲ್ಲ. ಆರು ಕೊಟ್ಟ. ಯಾರಿಗೆ ಹುಣ್ಣಾಗಿದೆಯೋ ಅವರು ಮೊದಲು ಎಂದು ಹನ್ನೊಂದು ಮನೆಯವರೇ ಕುಳಿತು ತೀರ್ಮಾನಿಸಿದರು. ಹಾಗಾಗಿ ಕೊನೆಯವನಾಗಿದ್ದ ಕಲ್ಲುಕುಟಿಗ ಮೊದಲನೆಯ ಮಂಚಕ್ಕೆ ಬಂದ. ಅವನ ಪಕ್ಕದಲ್ಲಿ ಗೋಡೆಯ ಕಡೆ ಕೆಮ್ಮಿನ ಮುದುಕಿ ಇನ್ನೂ ಇದ್ದಳು. ತಂಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಯಾತಕ್ಕೆ ಎಂದು ಮುದುಕಿಗೆ ತಿಳಿಯಲಿಲ್ಲ, ಆದರೂ ಚೆನ್ನಾಗಿರು ಎಂದು ಹರಸಿದಳು.

ಮರುದಿನ ಬೆಳಗ್ಗೆ ಒಡತಿ ಉಳಿದ ಐದು ಮಂಚಕ್ಕಾಗಿ ಅರಮನೆಗೆ ಓಲೆ ಬರೆಸಿದಳು. ಶಾಯಿ ಆರುವಷ್ಟರಲ್ಲಿ ಉಳಿದ ಐದು ಮನೆಗಳ ದಾರಿ ಹಿಡಿದಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನ ಮುಖ ಅರಳಿತ್ತು. ಅವನು ಎದ್ದು ನಮಸ್ಕರಿಸಿದನು.

"ತಿಳಿಯಿತು ಬುದ್ಧೀ. ನಾನೂ ಬಿಡುವುದಿಲ್ಲ. ನಾಳೆಯೇ ನಾಲ್ಕನೆಯ ಸಲ ಕಚೇರಿಗೆ ಹೋಗುತ್ತೇನೆ."

ಗುರುಗಳು ಕಡತವನ್ನು ಅವನಿಗೆ ಹಿಂತಿರುಗಿಸಿದರು. ಇಪ್ಪತ್ತಮೂರು ಹೆಸರಿನ ಹಾಳೆ ಮೇಲಿತ್ತು.

"ಹೋಗು. ಆದರೆ ಇವರ ಮನೆಗಳಿಗೆ ಮೊದಲನೆಯ ಸಲ ಯಾವಾಗ ಹೋಗುತ್ತೀಯ?"

ಶಾಂತವೀರ ಹಾಳೆಯಲ್ಲಿ ಮೊದಲ ಹೆಸರಿನ ಮುಂದಿದ್ದ ಬೀದಿಯನ್ನು ಬೆರಳಿಟ್ಟು ಓದಿದನು.