ಕಪ್ಪು ಚುಕ್ಕೆಯ ಮೊಟ್ಟೆ

ಮೀನಿಗೆ ಮಾತಿಲ್ಲ ಅನ್ನುವವರು ಕೆರೆಗೆ ಕಿವಿ ಕೊಟ್ಟವರಲ್ಲ. ನಾನು ಎದೆಮಟ್ಟದ ನೀರಲ್ಲಿ ನಿಂತು ಕೇಳಿದ್ದೇನೆ. ಜೊಂಡಿಗೆ ಮೀನಿನ ಮೊಟ್ಟೆ ಎರಡು ಅಂಟಿದ್ದವು. ಒಂದು ಮುತ್ತಿನಂತೆ ಬೆಳ್ಳಗಿತ್ತು, ಇನ್ನೊಂದರ ಪೊರೆಯೊಳಗಿನದೆಲ್ಲ ಕಾಣುತ್ತಿತ್ತು.

"ಥೂ, ನಿನ್ನೊಳಗೆ ಎರಡು ಕಪ್ಪು ಚುಕ್ಕೆ! ಕೆಟ್ಟ ಮೊಟ್ಟೆ ಕಿತ್ತೆಸೆಯಲು ಅಪ್ಪ ಬರ್ತಿದ್ದಾನೆ, ಮುಗೀತು ನಿನ್ನ ಕಥೆ," ಎಂದಿತು ಬಿಳಿ ಮೊಟ್ಟೆ.

"ನನಗೂ ಅದೇ ಭಯ ಅಕ್ಕಾ. ಜೊತೆಗೆ ಒಳಗೇನೋ ಒದೀತಿದೆ," ಎಂದಿತು ಇನ್ನೊಂದು.

ಅಪ್ಪಮೀನು ಬಂದು ಬಿಳಿಯದನ್ನು ಮೂತಿಯಿಂದ ತಿವಿಯಿತು. ಅದರೊಳಗೆ ಏನೂ ಮಿಸುಕಲಿಲ್ಲ. ಬೂಷ್ಟು ಹಿಡಿಯುವ ಮೊದಲೇ ಕಿತ್ತು ಉಗಿಯಿತು. ಆಮೇಲೆ ಚುಕ್ಕೆಯ ಮೊಟ್ಟೆಯತ್ತ ಬಗ್ಗಿತು.

ಚುಕ್ಕೆಗಳೆರಡೂ ಹೊರಳಿ ಅಪ್ಪನನ್ನೇ ನೋಡಿದವು.

"ಎಲಾ ಮಗನೇ, ಕಣ್ಣು ಬಂತಲ್ಲೋ!" ಎಂದು ಹಿಗ್ಗಿ ಅಪ್ಪಮೀನು ಬೀಸಿದ ಬಾಲಕ್ಕೆ ನನ್ನ ಪಂಚೆ ಕೊಚ್ಚಿಹೋಯಿತು. ಅದು ಇವತ್ತಿಗೂ ಸಿಕ್ಕಿಲ್ಲ, ಇನ್ನೇನು ಸಾಕ್ಷಿ ಬೇಕು?