ಆರ್ಡರ್ ಬಂದ ಮೇಲೆ ನೆನೆಹಾಕಿದ ಅಕ್ಕಿ

ಇದನ್ನು ನನಗೆ ಮೊದಲು ಹೇಳಿದವರು ದಾವಣಗೆರೆಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದ ಜಲಜಕ್ಕ.

ಅಲ್ಲಿ ವೃಷಭೇಂದ್ರಪ್ಪ ಎಂಬ ಪ್ರೊಫೆಸರ್ ಇದ್ದರು. ಸರಕು ಪೂರೈಕೆಯ ಮೇಲೆ ಮಹಾ ಸಂಶೋಧನೆ; ಕ್ಯಾಂಟೀನಿನ ಉಸ್ತುವಾರಿಯೂ ಅವರದೇ. ಜೀವಮಾನದಲ್ಲಿ ಒಂದು ಲೋಟ ತೊಳೆದವರಲ್ಲ. ಒಂದು ದಿನ ಕ್ಯಾಂಟೀನಿಗೆ ನುಗ್ಗಿ, ಅದನ್ನು ನಡೆಸುತ್ತಿದ್ದಾಕೆಗೆ ಅಪ್ಪಣೆ ಕೊಟ್ಟರು.

"ನೋಡಮ್ಮಾ, ಮುಂಚೆ ಮಾಡಿಟ್ಟಿದ್ದೆಲ್ಲ ದಂಡ. ಆರ್ಡರ್ ಬರೋವರೆಗೂ ಒಂದು ಕಾಳೂ ಮುಟ್ಟಕೂಡದು. ಮಾತು ಮೀರಿದರೆ ಕ್ಯಾಂಟೀನು ಬೇರೆಯವರ ಪಾಲು."

ಆ ಕ್ಯಾಂಟೀನೇ ಆಕೆಯ ಅನ್ನ. "ಆಗಲಿ ಸರ್" ಎಂದಳು.

ಮರುದಿನ ಬೆಳಿಗ್ಗೆ ಈ ಹೊಸ ಪದ್ಧತಿಯ ಪ್ರಯೋಗ ನೋಡಲು ಪ್ರೊಫೆಸರ್ ಕರೆಸಿದ್ದ ದೊಡ್ಡ ಮನುಷ್ಯರು ಬಂದರು. ಪ್ರೊಫೆಸರ್ ಠೀವಿಯಿಂದ, "ಎಲ್ಲರಿಗೂ ಬೆಣ್ಣೆದೋಸೆ!" ಎಂದರು.

ಆಕೆ ಎಲ್ಲರ ಮುಂದೆಯೇ ಅಕ್ಕಿ, ಉದ್ದು ತೊಳೆದು ನೀರಿಗೆ ಹಾಕಿದಳು. "ಆರ್ಡರ್ ತಗೊಂಡೆ ಸರ್. ಸಂಜೆ ರುಬ್ತೀನಿ, ರಾತ್ರಿ ಹುಳಿ ಬರುತ್ತೆ, ನಾಳೆ ಬೆಳಿಗ್ಗೆ ಬಿಸಿಬಿಸಿ ದೋಸೆ. ಕೂತಿರಿ."

"ನಿನ್ನೆಯೇ ರುಬ್ಬಿಡೋಕೆ ಏನಾಗಿತ್ತೇ ನಿಂಗೆ?" ಪ್ರೊಫೆಸರ್ ಸಿಡುಕಿದರು.

"ದಂಡ ಅಲ್ವಾ ಸರ್?"

ಬಂದವರು ಹೊಟ್ಟೆ ಹಿಡಿದು ನಕ್ಕರು. ಕ್ಯಾಂಟೀನು ಉಳಿಯಿತು. ಮರುವರ್ಷ ಪ್ರೊಫೆಸರ್ ಹೊಸ ಪ್ರಬಂಧ ಮಂಡಿಸಿದರಂತೆ: ಕೆಲವನ್ನು ಮುಂಚೆಯೇ ಮಾಡಿಟ್ಟುಕೊಳ್ಳುವುದು ಲೇಸು. ಅದಕ್ಕೆ ಶಾಲು ಬೇರೆ ಹೊದಿಸಿದರಂತೆ!

ಇಂಥ ಮಹಾಶಯರು ನಿಮ್ಮಲ್ಲೂ ಇರುತ್ತಾರೆ. ಅವರ ಅಡುಗೆಯವರ ಕಿವಿಗೆ ಈ ಕಥೆ ಹಾಕಿಬಿಡಿ.