ಕಂಬಕ್ಕೆ ಕಟ್ಟಿದ ಸೆರಗು

“ಗುರುಗಳೇ, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಅಳುವುದೊಂದು ಬಾಕಿ. ದೇವರ ದೀಪಕ್ಕೆ ಎಣ್ಣೆ ತರಲು ಹೋದವನು, ಹಗ್ಗ ಬಿಚ್ಚಿಕೊಂಡ ಹಸುವನ್ನು ಕಂಡು ಅದನ್ನು ಕಟ್ಟಿ, ಅಲ್ಲೇ ಬಾಡಿದ್ದ ಗಿಡಗಳಿಗೆ ನೀರು ಹಾಕುತ್ತಾ ನಿಂತುಬಿಟ್ಟಿದ್ದ. ಪೂಜೆಯ ಹೊತ್ತಿಗೆ ದೀಪವಿರಲಿಲ್ಲ. ಇಂಥದ್ದು ಮೊದಲ ಸಲವೂ ಅಲ್ಲ. ಇನ್ನೊಮ್ಮೆ ಹೀಗಾದರೆ ಮಠ ಬಿಟ್ಟು ಹೋಗಬೇಕೆಂದು ಹಿರಿಯ ಶಿಷ್ಯರು ಹೇಳಿದ್ದರು.

“ನಿಂತ ಮನಸ್ಸನ್ನು ನೀನೆಲ್ಲಿ ನೋಡಿದೆಯಪ್ಪಾ? ನಾನಂತೂ ನೋಡಿಲ್ಲ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಮನೆಯಲ್ಲಿ ಒಬ್ಬ ಸೊಸೆ ಇದ್ದಳು. ಸೋಮಾರಿಯಲ್ಲ. ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಿದ್ದಳು. ಆದರೆ ಅವಳನ್ನು ಎಲ್ಲ ಕೆಲಸಗಳೂ ಒಟ್ಟಿಗೆ, ಒಂದೇ ದನಿಯಲ್ಲಿ ಕೂಗುತ್ತಿದ್ದವು. ಯಾವುದಕ್ಕೆ ಮೊದಲು ಓಗೊಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾವಿಗೆ ಹೋಗುವಳು. ಬಾವಿಕಟ್ಟೆಯ ಮೇಲೆ ಕೊಡ ಬಿಟ್ಟು ಬಟ್ಟೆ ಒಗೆಯಲು ಕೂರುವಳು. ಇತ್ತ ಹಾಲು ಉಕ್ಕಿ ಒಲೆ ಆರುವುದು.

“ಮನಸ್ಸಿಟ್ಟು ಕೆಲಸ ಮಾಡು,” ಎನ್ನುವಳು ಅತ್ತೆ.

“ಇಡ್ತೀನಿ ಅತ್ತೆ. ಇಟ್ಟಲ್ಲಿ ಇರೋದಿಲ್ಲ,” ಎನ್ನುವಳು ಸೊಸೆ.

ಹರಕೆ ಹೊತ್ತರು. ತಾಯಿತ ಕಟ್ಟಿದರು. ಬೈದರು. ಉಪದೇಶಕ್ಕೇನು, ಊರಲ್ಲಿ ಬಾಯಿಗೆ ಬರವೇ? ಹಾಲು ಮಾತ್ರ ಉಕ್ಕುತ್ತಲೇ ಇತ್ತು. ಕೊನೆಗೆ ಅತ್ತೆ, ಇನ್ನೊಂದು ಸಲ ಹಾಲು ಉಕ್ಕಿದರೆ ತವರಿಗೆ ಕಳಿಸುವುದೇ ಸೈ ಎಂದಳು.

ಮಾರನೆಯ ದಿನ ಸೊಸೆ ಒಲೆಯ ಮೇಲೆ ಹಾಲಿಟ್ಟಳು. ತನ್ನ ಸೆರಗನ್ನು ಹಿಂದಿನ ಕಂಬಕ್ಕೆ ಬಿಗಿಯಾಗಿ ಕಟ್ಟಿ ಕೂತಳು. ಬಾವಿ ನೆನಪಾಯಿತು, ಎದ್ದಳು. ಸೆರಗು ಹಿಡಿದೆಳೆಯಿತು. ಮತ್ತೆ ಕೂತಳು.

ಅತ್ತೆ ಇದನ್ನು ನೋಡಿ ಎದೆ ಬಡಿದುಕೊಂಡಳು. ಸೊಸೆಗೆ ಹುಚ್ಚು ಹಿಡಿದಿದೆ ಎಂದು ಎದುರು ಮನೆಯ ಹಿರಿಯನನ್ನು ಕರೆತಂದಳು. ಅವನ ಹಿಂದೆ ಅಕ್ಕಪಕ್ಕದವರೂ ಬಂದರು.

“ಮೊದಲು ಆ ಗಂಟು ಬಿಚ್ಚಮ್ಮ. ಮರ್ಯಾದಸ್ಥರ ಮನೆ ಇದು,” ಎಂದ ಹಿರಿಯ.

ಸೊಸೆ ತಲೆ ತಗ್ಗಿಸಲಿಲ್ಲ. “ಹಾಲು ಕಾಯಲಿ, ಬಿಚ್ತೀನಿ. ನೀವು ಕರು ಕಟ್ಟಿದರೆ ಜಾಣತನ, ನಾನು ಸೆರಗು ಕಟ್ಟಿಕೊಂಡರೆ ಹುಚ್ಚಾ? ಉಕ್ಕಿದ ದಿನ ಬನ್ನಿ, ಬೈಸಿಕೊಳ್ತೀನಿ. ಇವತ್ತು ಯಾಕೆ ಬಂದ್ರಿ?”

ಅಷ್ಟರಲ್ಲಿ ಎಲ್ಲಿಂದಲೋ ಸೀದ ವಾಸನೆ ಬಂತು. ತಮಾಷೆ ನೋಡಲು ಬಂದ ಪಕ್ಕದ ಮನೆಯಾಕೆ ಒಲೆಯ ಮೇಲೆ ಅನ್ನ ಬಿಟ್ಟು ಬಂದಿದ್ದಳು. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅವಳನ್ನು ಯಾರೂ ಹುಚ್ಚಿ ಎನ್ನಲಿಲ್ಲ.

ಸೊಸೆಯ ಹಾಲು ಕಾದು ಮೇಲೇರಿತು. ಅವಳು ಪಾತ್ರೆ ಇಳಿಸಿದಳು. ಆಮೇಲೆ ಗಂಟು ಬಿಚ್ಚಿದಳು. “ಈಗ ಹೇಳಿ, ತವರಿಗೆ ಯಾವಾಗ ಹೊರಡಲಿ?” ಎಂದಳು. ಅತ್ತೆ ಹಾಲಿಗೆ ಮುಚ್ಚಳ ಮುಚ್ಚಿ ಹಿತ್ತಲಿಗೆ ನಡೆದಳು.

ಅಂದು ಸಂಜೆಯೂ ಸೊಸೆ ಅರ್ಧ ಅಂಗಳ ಗುಡಿಸಿ, ಪೊರಕೆಯನ್ನು ಎಲ್ಲೋ ಮರೆತಳು. ಮರುದಿನ ಹಾಲಿಡುವಾಗ ಮತ್ತೆ ಸೆರಗು ಕಟ್ಟಿದಳು. ಬಂದುಹೋಗುವವರು ನಕ್ಕರು. ನಗಲಿ ಎಂದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಅವಳ ಮನಸ್ಸು ಕೊನೆಗೂ ನಿಲ್ಲಲಿಲ್ಲವೇ?” ಎಂದು ಕೇಳಿದ.

“ಮನಸ್ಸು ನಿಲ್ಲಿಸುವುದು ಅವಳ ಕೆಲಸವಾಗಿರಲಿಲ್ಲ, ಹಾಲು ಕಾಯಿಸುವುದಾಗಿತ್ತು,” ಎಂದರು ಗುರುಗಳು.

ಶಿಷ್ಯ ಎದ್ದು, ಎಣ್ಣೆಯ ಗಿಂಡಿಯನ್ನು ಹೆಗಲ ವಸ್ತ್ರದ ತುದಿಗೆ ಬಿಗಿಯಾಗಿ ಕಟ್ಟಿಕೊಂಡು ಎಣ್ಣೆ ತರಲು ಹೊರಟ.